ಕಾಫಿಗೆ ಎದ್ದ ದಿನದ ಲೆಕ್ಕ

"ನೋಡಿದ್ರೆ ಬರಲ್ಲ ಸರ್" ಎಂದು ಸುಪ್ರಜಾ ಹೇಳಿದ್ದು ಸುಳ್ಳೇನಲ್ಲ. ಆದರೆ ಆ ಮಾತು ಬಾಯಿಂದ ಬಿದ್ದ ಮರುಕ್ಷಣವೇ ಅದನ್ನು ಮತ್ತೆ ನುಂಗಿಬಿಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಮಲ್ಲೇಶ್ವರದ ಹದಿನೈದನೇ ಕ್ರಾಸಿನ ಮಹಡಿಮನೆಯಲ್ಲಿದ್ದ ಆ ಪುಟ್ಟ ಆಫೀಸಿನ ಅಷ್ಟೂ ಜನ ಅವಳ ಕಂಪ್ಯೂಟರಿನ ಸುತ್ತ ನಿಂತಿದ್ದರು. ಈಶ್ವರ್ ಶುರುಮಾಡಿದ.

"ನೋಡಿದ್ರೆ ಬರಲ್ವಂತೆ! ಹೆಣ್ ನೋಡೋಕ್ ಹೋದ್ರೆ ಹುಡುಗಿ ಅಡಿಗೆಮನೆ ಬಿಟ್ಟು ಈಚೆಗೇ ಬರಲ್ವಲ್ಲ, ಹಂಗೆ. ಒಂದ್ ತಟ್ಟೆ ಉಪ್ಪಿಟ್ಟು ಇಟ್ ನೋಡಿ ಸುಪ್ರಜಾ ಅವ್ರೇ, ಬಂದ್ರೂ ಬರಬೋದು ನಿಮ್ ಬಗ್ಗು."

ಬಗ್ಗು ಅಂದರೆ ಪ್ರೋಗ್ರಾಮಿನೊಳಗೆ ಅವಿತ ತಪ್ಪು. ಎಲ್ಲರೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಈಶ್ವರ್ ತರಗುಪೇಟೆಯ ಬೇಳೆ ಮಂಡಿಯ ಮನೆತನದವನು, ಬೆಳಗ್ಗೆಯಿಂದ ಸಂಜೆಯವರೆಗೆ ಹೀಗೇ ಯಾರನ್ನಾದರೂ ರೇಗಿಸುತ್ತಿರಬೇಕು ಅವನಿಗೆ. ಆದರೂ ಸುಪ್ರಜಾಳ ಕಿವಿ ಬಿಸಿಯಾಯಿತು. ಮೇಜಿನ ಮೇಲೆ ಯಾರೋ ಪರಿಷೆಯಿಂದ ತಂದು ಸುರಿದಿದ್ದ ಕಡಲೆಕಾಯಿಯ ರಾಶಿಯನ್ನೇ ನೋಡುತ್ತ ನಿಂತಳು.

ಅದು ತೊಂಬತ್ತೆಂಟರ ಕಾರ್ತಿಕ ಮಾಸ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಅವಳು ಆ ಆಫೀಸಿಗೆ ಸೇರಿ ಐದು ತಿಂಗಳಾಗಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಒಂದು ಕಂಪೈಲರು. ಮನುಷ್ಯರು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಚಿಪ್ಪಿಗೆ ತಿಳಿಯುವ ಸಣ್ಣ ಸಣ್ಣ ಆಜ್ಞೆಗಳಾಗಿ ಒಡೆದುಕೊಡುವ ಸಾಧನ ಅದು. ಒಡೆಯುವುದಕ್ಕೆ ಎರಡು ದಾರಿ ಇದ್ದವು. ಒಂದು ನಿಧಾನದ ದಾರಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು. ಇನ್ನೊಂದು ವೇಗದ ದಾರಿ, ಬೇಡದ ಆಜ್ಞೆಗಳನ್ನೆಲ್ಲ ಕಿತ್ತುಹಾಕಿ ಲೆಕ್ಕವನ್ನು ಓಡಿಸುವುದು. ಆ ವೇಗದ ದಾರಿಯೇ ಈಶ್ವರನ ಕೈಚಳಕ. ರಕ್ತಪರೀಕ್ಷೆಯ ಯಂತ್ರ ಮಾಡುವ ಹೊರದೇಶದ ಕಂಪನಿಯೊಂದು ಈ ಕಂಪೈಲರು ಕೇಳಿತ್ತು. ಒಪ್ಪಂದದಲ್ಲಿ ಅವರ ಷರತ್ತು ಒಂದೇ ಸಾಲಿನದು: ನಿಧಾನದಲ್ಲಿ ಬಂದ ಉತ್ತರವೇ ವೇಗದಲ್ಲೂ ಬರಬೇಕು, ಕೊನೆಯ ಅಂಕಿಯವರೆಗೆ.

ದಶಾಂಶದ ಲೆಕ್ಕಗಳನ್ನು ಎರಡೂ ದಾರಿಯಲ್ಲಿ ಓಡಿಸಿ, ಉತ್ತರಗಳನ್ನು ತಾಳೆನೋಡುವುದು ಸುಪ್ರಜಾಳ ಕೆಲಸ. ಫ್ಲೋಟಿಂಗ್ ಪಾಯಿಂಟ್ ಟೆಸ್ಟಿಂಗ್ ಎಂದು ಅದಕ್ಕೆ ಹೆಸರು. ಯಾರ ಜೊತೆಯೂ ಮಾತಾಡಬೇಕಾಗಿಲ್ಲದ ಆ ಕೆಲಸ ಅವಳಿಗೆ ಬಹಳ ಹಿಡಿಸಿತ್ತು. ಸಾವಿರದ ಇನ್ನೂರು ಪರೀಕ್ಷೆಗಳಲ್ಲಿ ನಾನೂರ ಹದಿನೇಳನೆಯದು ಮಾತ್ರ ಎರಡು ವಾರದಿಂದ ಅವಳ ನಿದ್ದೆ ಕೆಡಿಸಿತ್ತು. ನಿಧಾನದಲ್ಲಿ ಒಂದು ಉತ್ತರ, ವೇಗದಲ್ಲಿ ಇನ್ನೊಂದು. ವ್ಯತ್ಯಾಸ ಕಟ್ಟಕಡೆಯ ಅಂಕಿಯಲ್ಲಿ, ಅದೂ ಒಂದೇ ಒಂದು. ಲೆಕ್ಕದ ನಡುವೆ ಎಲ್ಲಿ ಹಾದಿ ತಪ್ಪುತ್ತಿದೆ ಎಂದು ನೋಡಲು ಅವಳು ನಡುವಿನ ಸಂಖ್ಯೆಯನ್ನು ಪರದೆಗೆ ಬರೆಸುವ ಒಂದು ಸಾಲು ಸೇರಿಸಿದರೆ, ತಪ್ಪು ಮಾಯ! ಎರಡೂ ಉತ್ತರ ಒಂದೇ. ಆ ಸಾಲನ್ನು ತೆಗೆದರೆ ಮತ್ತೆ ಹಾಜರು.

ಬುಧವಾರ ಎಲ್ಲರೆದುರು ತೋರಿಸುವ ಹೊತ್ತಿಗೆ ಆದದ್ದೂ ಅದೇ. ಮುಖ್ಯಸ್ಥರಾದ ಆತ್ರೇಯ, "ನಡುವಿನ ಬೆಲೆ ತೋರ್ಸಿ, ಆಗ ಗೊತ್ತಾಗತ್ತೆ" ಅಂದರು. ತೋರಿಸಿದಳು. ಉತ್ತರ ಸರಿ ಬಂತು. ಈಶ್ವರ್ ತನ್ನ ಕಂಪ್ಯೂಟರಿನಲ್ಲಿ ತನ್ನದೇ ರೀತಿಯಲ್ಲಿ ಓಡಿಸಿದ, ಹೆಜ್ಜೆಹೆಜ್ಜೆಗೆ ನಿಲ್ಲಿಸಿ ನೋಡುತ್ತ. ಅಲ್ಲೂ ಸರಿ ಬಂತು. ಆ ಸಾಲನ್ನು ತೆಗೆದು ನೋಡಿ ಎಂದು ಹೇಳುವುದಕ್ಕೆ ಅವಳು ಬಾಯಿ ತೆರೆದಳು. ಹತ್ತು ಕಣ್ಣು ಅವಳ ಮೇಲಿದ್ದವು. ಹೊರಗೆ ಬಂದದ್ದು ಆ ಮೂರು ಮಾತು.

ನಗು ಮುಗಿದ ಮೇಲೆ ಆತ್ರೇಯ ದೂರಿನ ರಿಜಿಸ್ಟರು ತೆಗೆದು ನಾನೂರ ಹದಿನೇಳರ ಮುಂದೆ 'ಮತ್ತೆ ಕಾಣಿಸಲಿಲ್ಲ, ಮುಚ್ಚಲಾಗಿದೆ' ಎಂದು ಬರೆದರು. ಆಮೇಲೆ ಅವಳನ್ನು ತಮ್ಮ ಕೋಣೆಗೆ ಕರೆದರು. ಅವರು ದನಿ ಎತ್ತುವವರಲ್ಲ. ಅದಕ್ಕೇ ಅವರ ಮಾತು ಇನ್ನೂ ನೋಯುತ್ತಿತ್ತು.

"ನೋಡಿ ಸುಪ್ರಜಾ, ಶುಕ್ರವಾರ ಸಂಜೆ ಸಿ.ಡಿ. ಕೊರಿಯರ್‌ಗೆ ಹೋಗತ್ತೆ. ಇಲ್ದಿರೋ ತಪ್ಪಿಗೆ ಅದನ್ನ ನಿಲ್ಲಿಸ್ಕೊಂಡ್ ಕೂರಕ್ಕಾಗಲ್ಲ. ನಿಮ್ ಬರವಣಿಗೆ ಚೆನ್ನಾಗಿದೆ. ಮುಂದಿನ್ ತಿಂಗಳು ಪ್ರೊಬೇಷನ್ ಮುಗಿಯತ್ತಲ್ಲ, ಆಮೇಲೆ ಮ್ಯಾನುಯಲ್ ಬರೆಯೋ ಕಡೆ ಹೋಗ್ಬಿಡಿ. ಟೆಸ್ಟಿಂಗ್ ಅಂದ್ರೆ ನಾಲ್ಕ್ ಜನರ ಎದುರು ನಿಂತು ತಪ್ಪಿದೆ ಅಂತ ಗಟ್ಟಿಯಾಗ್ ಹೇಳ್ಬೇಕಾಗತ್ತೆ."

"ಸರಿ ಸರ್" ಅಂದಳು.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಚಾಮರಾಜಪೇಟೆಯ ಮನೆ ಸೇರುವವರೆಗೂ ಅವಳ ತಲೆಯಲ್ಲಿ ಅದೇ ತಿರುಗುತ್ತಿತ್ತು. ಕೆಲಸ ಬದಲಾಯಿತಲ್ಲ ಅನ್ನುವುದಕ್ಕಿಂತ, ತಪ್ಪು ಇದೆ ಅನ್ನುವುದು ಅವಳೊಬ್ಬಳಿಗೇ ಗೊತ್ತು, ಅದು ಶುಕ್ರವಾರ ಸಂಜೆ ಪೆಟ್ಟಿಗೆಯಲ್ಲಿ ಕೂತು ಹೊರಟುಬಿಡುತ್ತದೆ ಅನ್ನುವುದು ಅವಳನ್ನು ಕೊರೆಯುತ್ತಿತ್ತು. ಆ ಯಂತ್ರ ಯಾರದೋ ರಕ್ತವನ್ನು ಅಳೆದು, ಗಡಿಯ ಈಚೆಗೆ ಬಂದರೆ ಆರೋಗ್ಯ, ಆಚೆಗೆ ಹೋದರೆ ಕಾಯಿಲೆ ಅನ್ನುತ್ತದೆ. ಗಡಿಯ ಮೇಲೇ ನಿಂತ ಸಂಖ್ಯೆಗೆ ಕೊನೆಯ ಅಂಕಿಯೇ ಎಲ್ಲ. ಊಟವಾದ ಮೇಲೆ ದಿನಚರಿ ಬರೆಯಲು ಕೂತಳು. 'ಇವತ್ತು ನಿಜ ಹೇಳಿದೆ, ಯಾರಿಗೂ ಕೇಳಿಸಲಿಲ್ಲ' ಎಂದು ಬರೆದಳು. ಓದಿಕೊಂಡಾಗ ಅದು ಬಹಳ ನಾಟಕದ ಮಾತಿನಂತೆ ಕಂಡು ಹೊಡೆದುಹಾಕಿದಳು.

ಮಾರನೆಯ ದಿನ ಗುರುವಾರ. ಗುರುವಾರ ಮತ್ತು ಭಾನುವಾರ ಬೆಳಗ್ಗೆ ಅವಳು ಪಕ್ಕದ ಮನೆಯ ವೆಂಕಟಾಚಲ ಜೋಯಿಸರಿಗೆ ಅಂಕಿ ಓದುವ ದಿನಗಳು. ಒಂಬತ್ತನೇ ಕ್ಲಾಸಿನಿಂದ ನಡೆದುಬಂದ ಪದ್ಧತಿ ಅದು. ಜೋಯಿಸರು ನಲವತ್ತು ವರ್ಷದಿಂದ ಪಂಚಾಂಗದ ಗಣಿತ ಮಾಡಿಕೊಂಡು ಬಂದವರು. ಮುಂದಿನ ವರ್ಷದ ಪ್ರತಿ ದಿನದ ತಿಥಿ, ನಕ್ಷತ್ರ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಲೆಕ್ಕಹಾಕಿ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ತಿಂಗಳು ಬಿಟ್ಟು ಅದೇ ಲೆಕ್ಕವನ್ನು ಮೊದಲಿಂದ ಮಾಡಿ ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾರೆ. ಎರಡೂ ತಾಳೆಯಾದರೆ ಮಾತ್ರ ಅಚ್ಚಿಗೆ. ಕಣ್ಣು ಮಂಜಾದ ಮೇಲೆ ಒಂದು ಪುಸ್ತಕವನ್ನು ಸುಪ್ರಜಾ ಗಟ್ಟಿಯಾಗಿ ಓದುತ್ತಾಳೆ. ಇನ್ನೊಂದರ ಮೇಲೆ ಭೂತಕನ್ನಡಿ ಹಿಡಿದು ಅವರು ಗುರುತು ಹಾಕುತ್ತ ಹೋಗುತ್ತಾರೆ. ಮೊದಮೊದಲು ಅವಳ ದನಿ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. "ಅಂಕಿಗೆ ನಾಚಿಕೆ ಇಲ್ಲಮ್ಮ, ಓದೋಳಿಗ್ಯಾಕೆ? ಜೋರಾಗ್ ಓದು, ಬೀದೀಗ್ ಕೇಳ್ಸ್ಲಿ" ಅಂತ ದಿನವೂ ಹೇಳಿ ಹೇಳಿ ಬಾಯಿ ಬಿಡಿಸಿದ್ದರು. ಈಗ ಅಂಕಿ ಓದುವಾಗ ಮಾತ್ರ ಅವಳ ದನಿ ಗಂಟೆಯ ಹಾಗೆ ಇರುತ್ತಿತ್ತು. ಪುಸ್ತಕ ಮುಚ್ಚಿದರೆ ಮತ್ತೆ ಪಿಸುಮಾತು.

ಆ ದಿನ ಅವಳ ದನಿ ಅಂಕಿಗೂ ಏಳಲಿಲ್ಲ.

"ಯಾಕೋ ಸೊರಗಿದೀಯಲ್ಲೇ ಪುಟ್ಟಿ," ಅಂದರು ಜೋಯಿಸರು. "ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಏನಿಲ್ಲ ತಾತ."

"ಏನಿಲ್ದೆ ಇದ್ರೆ ಭಾದ್ರಪದ ಹಿಂಗ್ ಕೇಳ್ಸಲ್ಲ. ಹೂಂ, ಮುಂದಕ್ ಓದು."

"ದಶಮಿ. ಐವತ್ತೈದು ಘಟಿ, ಹನ್ನೆರಡು ವಿಘಟಿ."

ಜೋಯಿಸರ ಭೂತಕನ್ನಡಿ ನಿಂತಿತು. "ಎಷ್ಟಂದೆ?"

"ಹನ್ನೆರಡು."

"ನನ್ ಹತ್ರ ಹನ್ನೊಂದಿದೆಯಲ್ಲ."

ಒಂದು ಘಟಿ ಅಂದರೆ ಇಪ್ಪತ್ತನಾಲ್ಕು ನಿಮಿಷ, ವಿಘಟಿ ಅಂದರೆ ಬರೀ ಇಪ್ಪತ್ತನಾಲ್ಕು ಸೆಕೆಂಡು. ಬೇರೆ ದಿನವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ದಶಮಿ ಎಲ್ಲಿ ಮುಗಿಯುತ್ತದೆ ಅನ್ನುವುದರ ಮೇಲೆ ಮರುದಿನ ಏಕಾದಶಿಯ ಉಪವಾಸವೋ ಅಲ್ಲವೋ ಅನ್ನುವುದು ನಿಲ್ಲುತ್ತದೆ. ಈ ದಶಮಿ ಸರಿಯಾಗಿ ಗಡಿಯ ಮೇಲೆ ಬಂದು ಕೂತಿತ್ತು. ಜೋಯಿಸರು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ತಂದೆಯ ಕಾಲದ ಕರೀ ಹಲಗೆ. ಘಟಿಗೆ ಎರಡು, ವಿಘಟಿಗೆ ಎರಡು ಎಂದು ಮೊಳೆಯಿಂದ ಮನೆಗಳನ್ನು ಕೊರೆದಿತ್ತು. ಬಳಪ ಕೈಯಲ್ಲಿದ್ದರೂ ಬರೆಯದೆ, ಕಣ್ಣು ಮುಚ್ಚಿ, ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಬಾಯಲ್ಲೇ ಲೆಕ್ಕ ಮಾಡಿದರು.

"ಹನ್ನೆರಡೇ," ಅಂದರು ಕಣ್ಣು ತೆರೆದು. "ಈ ಪುಸ್ತಕದಲ್ ತಪ್ ಬರ್ದಿದೀನಿ ಹಂಗಾದ್ರೆ. ತಾಳು, ಇನ್ನೊಂದ್ಸಲ ನೋಡೋಣ."

ಎರಡನೇ ಸಲ ಅರ್ಧ ದಾರಿಗೆ ಬಂದಿರಬಹುದು, ಒಳಗಿಂದ ಅವರ ಹೆಂಡತಿ ಅಂಬುಜಮ್ಮ ಕೂಗಿದರು. "ರೀ, ಕಾಫಿ ಇಟ್ ಎಷ್ಟೊತ್ತಾಯ್ತು! ಆರಿದ್ಮೇಲೆ ಮತ್ ಬಿಸಿ ಮಾಡು ಅಂದ್ರೆ ನಾನಂತೂ ಮಾಡಲ್ಲ."

"ಬಂದೆ ಬಂದೆ." ಜೋಯಿಸರು ತಲೆಯಲ್ಲಿದ್ದ ಸಂಖ್ಯೆಯನ್ನು ಹಲಗೆಯ ಮನೆಗಳಲ್ಲಿ ಬರೆದಿಟ್ಟು ಎದ್ದರು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಹಲಗೆಯ ಮೇಲಿನ ಸಂಖ್ಯೆ ನೋಡಿ ಮುಂದುವರಿಸಿದರು.

"ಹನ್ನೊಂದು," ಅಂದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಜೋಯಿಸರು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದರು. ಅವರ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು.

"ಅಂಬುಜಾ! ಇದು ನಿನ್ ಕೆಲ್ಸ ಕಣೇ!"

"ನಾನೇನ್ ಮಾಡ್ದೆ?" ಅಂಬುಜಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದರು. "ಕಾಫಿ ಕೊಟ್ರೂ ತಪ್ಪಾ ಈ ಮನೇಲಿ?"

"ತಪ್ಪು ನಂದೇ, ಬಿಡು. ಪುಟ್ಟಿ, ನೋಡಿಲ್ಲಿ. ಈ ಹಲಗೇಲಿ ವಿಘಟೀವರೆಗೆ ಮಾತ್ರ ಮನೆ ಇದೆ. ಅದಕ್ಕಿಂತ ಚಿಕ್ಕದು, ಪುಡಿ ಅನ್ನೋಣ, ಅದಕ್ ಜಾಗ ಇಲ್ಲ. ಬರೆಯೋವಾಗ ಪುಡಿ ಉದುರ್ಹೋಗತ್ತೆ. ತಲೇಲಿ ಇಟ್ಕೊಂಡ್ರೆ ಪುಡೀನೂ ಜೊತೇಲೇ ಬರತ್ತೆ. ಯಾರೂ ಕರೀದೆ ಇದ್ರೆ ನಾನು ಪೂರ್ತಿ ತಲೇಲೇ ಮಾಡ್ತೀನಿ, ಹನ್ನೆರಡು ಬರತ್ತೆ. ಇವಳು ಕಾಫೀಗ್ ಕರೆದ್ರೆ ಮರೀಬಾರ್ದು ಅಂತ ಹಲಗೆ ಮೇಲೆ ಬರ್ದಿಟ್ ಹೋಗ್ತೀನಿ. ಪುಡಿ ಹೋಯ್ತು, ಹನ್ನೊಂದಾಯ್ತು. ಕಾಫಿ ಕುಡಿದ ದಿನ ಒಂದು ಉತ್ತರ, ಕುಡೀದ ದಿನ ಒಂದು!"

ಸುಪ್ರಜಾಳ ಕೈಯಿಂದ ಪುಸ್ತಕ ಜಾರಿ ಚಾಪೆಯ ಮೇಲೆ ಬಿತ್ತು. ಚಿಪ್ಪಿನ ಬಗ್ಗೆ ಸೇರಿದ ವಾರವೇ ಓದಿದ್ದ ಒಂದು ಸಾಲು ಕಣ್ಣೆದುರು ಬಂತು. ಲೆಕ್ಕ ಮಾಡುವಾಗ ಚಿಪ್ಪು ತನ್ನೊಳಗೆ ಎಂಬತ್ತು ಬಿಟ್ಟಿನಷ್ಟು, ಅಂದರೆ ಎಂಬತ್ತು ಮನೆಯಷ್ಟು, ಉದ್ದದ ಸಂಖ್ಯೆ ಹಿಡಿದುಕೊಳ್ಳುತ್ತದೆ, ಮೆಮೊರಿಗೆ ಬರೆದಿಡುವಾಗ ಅರವತ್ತನಾಲ್ಕಕ್ಕೆ ಇಳಿಸುತ್ತದೆ. ಪರದೆಗೆ ಬರೆಸುವ ಅವಳ ಆ ಸಾಲೇ ಕಾಫಿಯ ಕರೆ. ಕರೆ ಬಂದರೆ ಚಿಪ್ಪು ಕೈಯಲ್ಲಿದ್ದುದನ್ನು ಬರೆದಿಟ್ಟು ಏಳಬೇಕು. ಪುಡಿ ಉದುರುತ್ತದೆ. ಕರೆಯದಿದ್ದರೆ ತಲೆಯಲ್ಲೇ ಇಟ್ಟುಕೊಂಡು ಓಡುತ್ತದೆ. ನೋಡಿದರೆ ಬರುವುದಿಲ್ಲ!

"ತಾತ, ಇದರಲ್ಲಿ ಸರಿ ಯಾವ್ದು?" ಪುಸ್ತಕ ಎತ್ತಿಕೊಳ್ಳುತ್ತ ಕೇಳಿದಳು. "ತಲೇಲಿ ಮಾಡಿದ್ದೇ ಹೆಚ್ಚು ನಿಖರ ಅಲ್ವಾ?"

ಜೋಯಿಸರು ನಗು ನಿಲ್ಲಿಸಿದರು. "ನಿನ್ ವಯಸ್ಸಲ್ಲಿ ನಾನೂ ಇದೇ ಕೇಳಿದ್ದೆ. ನಮ್ಮಪ್ಪ, ದೊಡ್ಡಪ್ಪ ಎರಡು ಕೋಣೇಲಿ ಕೂತು ಒಂದೇ ಲೆಕ್ಕ ಮಾಡೋರು. ಆಮೇಲೆ ತಾಳೆ ನೋಡೋರು. ನಾನು ಜಾಣ ಅಂತ ತೋರ್ಸಕ್ಕೆ ಹಲಗೆ ಮುಟ್ದೆ ಮಾಡ್ದೆ, ಅವರಿಬ್ರದೂ ತಾಳೆ ಆಯ್ತು, ನಂದೊಂದು ಬೇರೆ. ನಂದೇ ನಿಖರ ಅಂತ ವಾದ ಮಾಡ್ದೆ. ಅಪ್ಪ ಏನಂದ್ರು ಗೊತ್ತಾ? ಇರಬೋದು ಕಣೋ, ಆದ್ರೆ ನಿನ್ ತಲೇಲಿರೋ ಪುಡಿ ನಿನಗೊಬ್ನಿಗೇ ಕಾಣ್ಸತ್ತೆ. ಹಲಗೆ ಎಲ್ರಿಗೂ ಕಾಣ್ಸತ್ತೆ. ನಾಳೆ ನೀನಿಲ್ದೆ ಇನ್ನೊಬ್ಬ ಕೂತು ಮಾಡಿದ್ರೂ ಇದೇ ಬರಬೇಕು, ಅದಕ್ಕೇ ಪ್ರತಿ ಹೆಜ್ಜೇನೂ ಬರಿ, ಬರೆದದ್ದರಿಂದ್ಲೇ ಮುಂದಕ್ ಹೋಗು ಅಂದ್ರು. ಈಗ ವಯಸ್ಸಾಯ್ತು, ಬಳಪ ಹಿಡಿಯೋಕೆ ಸೋಮಾರಿತನ. ನಿಯಮ ಮುರಿದೆ, ಸಿಕ್ಕಿಹಾಕ್ಕೊಂಡೆ."

ಸುಪ್ರಜಾ ಎದ್ದು ನಿಂತಳು. "ತಾತ, ನಾನ್ ಹೋಗ್ಬೇಕು. ಈಗ್ಲೇ."

"ಭಾದ್ರಪದ ಅರ್ಧಕ್ಕೇ ಬಿಟ್ಯಾ?"

"ಭಾನುವಾರ ಪೂರ್ತಿ ಓದ್ತೀನಿ. ಇಡೀ ದಿನ ಓದ್ತೀನಿ."

"ತಿಂಡಿ ತಿಂದ್ಕೊಂಡ್ ಹೋಗೇ!" ಎಂದು ಅಂಬುಜಮ್ಮ ಕೂಗುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಆಫೀಸಿಗೆ ಮೊದಲು ಬಂದವಳು ಅವಳೇ. ನಾನೂರ ಹದಿನೇಳನ್ನು ವೇಗದ ದಾರಿಯಲ್ಲಿ ಎರಡು ಸಲ ಒಡೆಸಿದಳು, ಒಂದು ಸಲ ಪರದೆಯ ಸಾಲಿಟ್ಟು, ಒಂದು ಸಲ ತೆಗೆದು. ಚಿಪ್ಪಿಗೆ ಹೋಗುವ ಆಜ್ಞೆಗಳ ಪಟ್ಟಿ ಎರಡನ್ನೂ ಪ್ರಿಂಟರಿಗೆ ಕೊಟ್ಟಳು. ಅಂಚಿಗೆ ತೂತಿದ್ದ ಉದ್ದನೆಯ ಕಾಗದ ಕರಕರ ಸದ್ದು ಮಾಡುತ್ತ ನೆಲದವರೆಗೆ ಇಳಿಯಿತು. ಈಶ್ವರ್ ಬಂದು ಟಿಫಿನ್ ಡಬ್ಬಿ ಮೇಜಿನ ಮೇಲಿಟ್ಟ. ಮಾತಾಡುವ ಬದಲು ಚೀಟಿ ಬರೆದಿಟ್ಟು ಬಂದುಬಿಡಲೇ ಎಂದು ಒಂದು ಯೋಚನೆ ಬಂತು. ನಾಳೆ ಸಂಜೆ ಕೊರಿಯರ್ ಎಂದು ಇನ್ನೊಂದು ಬಂತು. ಕಾಗದ ಎತ್ತಿಕೊಂಡು ಹೋದಳು.

"ಈಶ್ವರ್, ನಾನು ಓದ್ತೀನಿ. ನೀವು ಟಿಕ್ ಹಾಕ್ತಾ ಬನ್ನಿ."

"ಏನ್ ಓದ್ತೀರ? ಸುಪ್ರಭಾತಾನಾ?"

"ಆಜ್ಞೆಗಳನ್ನ. ನನ್ ಹತ್ರ ಪರದೆ ಸಾಲಿರೋದು, ನಿಮ್ ಹತ್ರ ಇಲ್ದಿರೋದು." ಕೆಂಪು ಪೆನ್ಸಿಲನ್ನು ಅವನ ಕೈಗಿತ್ತಳು.

ಈಶ್ವರ್ ತಮಾಷೆ ನೋಡೋಣ ಎನ್ನುವಂತೆ ಕುರ್ಚಿ ಎಳೆದುಕೊಂಡ. ಸುಪ್ರಜಾ ಅವನ ಮುಖ ನೋಡಲಿಲ್ಲ. ಕಾಗದದ ಮೇಲೆ ಬೆರಳಿಟ್ಟಳು. ಇದು ಭಾದ್ರಪದ ಎಂದು ತನಗೆ ತಾನೇ ಹೇಳಿಕೊಂಡಳು.

"ಒಂದು, ಲೋಡ್. ಎರಡು, ಲೋಡ್. ಮೂರು, ಡಿವೈಡ್."

ಅವಳ ಆ ದನಿಯನ್ನು ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಬೀದಿಗೆ ಕೇಳಿಸುವಂಥ ದನಿ. ಒಬ್ಬೊಬ್ಬರಾಗಿ ತಲೆಯೆತ್ತಿದರು. ಆತ್ರೇಯರು ಕೋಣೆಯ ಬಾಗಿಲು ತೆರೆದು ನಿಂತರು. ಅವಳಿಗೆ ಅದೊಂದೂ ಕಾಣಲಿಲ್ಲ. ಈಶ್ವರನ ಪೆನ್ಸಿಲು ಒಂದೇ ಸಮನೆ ಟಿಕ್ ಹಾಕುತ್ತ ಇಳಿಯುತ್ತಿತ್ತು.

"ಇಪ್ಪತ್ತೆರಡು, ಮಲ್ಟಿಪ್ಲೈ. ಇಪ್ಪತ್ಮೂರು, ಸ್ಟೋರ್."

ಪೆನ್ಸಿಲು ನಿಂತಿತು.

"ನನ್ ಹತ್ರ ಸ್ಟೋರ್ ಇಲ್ಲ," ಅಂದ ಈಶ್ವರ್. "ಇರಲ್ಲ ಬಿಡಿ. ನಿಮ್ದ್ರಲ್ಲಿ ಪರದೆಗ್ ಬರೆಸೋ ಪ್ರಿಂಟ್ ಇದೆ, ಅದಕ್ಕೆ ದಾರಿ ಬಿಡಕ್ಕೆ ಮೆಮೊರೀಲಿ ಬರ್ದಿಟ್ಟಿದೆ. ನನ್ದ್ರಲ್ಲಿ ಆ ಕೆಲ್ಸ ಇಲ್ಲ."

"ಪ್ರೋಗ್ರಾಮಲ್ಲಿ ಆ ಸಾಲು ನೋಡಿ," ಅಂದಳು ಸುಪ್ರಜಾ, ಅದೇ ದನಿಯಲ್ಲಿ. "ಬಂದ ಉತ್ತರಾನ ಒಂದ್ ಹೆಸರಲ್ಲಿ ಇಟ್ಕೋ ಅಂತ ಬರೆದಿದೆ. ಪ್ರಿಂಟ್ ಇರ್ಲಿ ಬಿಡ್ಲಿ, ಅಲ್ಲಿ ಬರೆದಿಡಲೇಬೇಕು. ವೇಗದ ದಾರೀಲಿ ಬರೆದಿಟ್ಟಿಲ್ಲ. ಚಿಪ್ಪಿನ ತಲೇಲಿದ್ದ ಉದ್ದ ಸಂಖ್ಯೇನೇ ಮುಂದಕ್ ತಗೊಂಡ್ ಹೋಗಿದೆ. ನೀವು ನೋಡೋಕೆ ಅಂತ ನಿಲ್ಲಿಸಿದಾಗ ಮಾತ್ರ ಬರೆದಿಡತ್ತೆ. ಅದಕ್ಕೇ ನೋಡಿದ್ರೆ ತಪ್ಪು ಬರಲ್ಲ."

ಈಶ್ವರ್ ತನ್ನ ಕಂಪ್ಯೂಟರಿನಲ್ಲಿ ಏನನ್ನೋ ತೆರೆದ. ಕಳೆದ ತಿಂಗಳು ಅವನು ಸೇರಿಸಿದ್ದ ನಲವತ್ತು ಸಾಲು. ಒಂದು ಸಂಖ್ಯೆಯನ್ನು ಬರೆದಿಟ್ಟು ಕೂಡಲೇ ಅದನ್ನೇ ಓದಿಕೊಳ್ಳುವುದು ದಂಡ ಎಂದು ಎರಡನ್ನೂ ಕಿತ್ತುಹಾಕುವ ಉಪಾಯ. ಅದರಿಂದ ಲೆಕ್ಕದ ವೇಗ ಏರಿ, ಆ ದಿನ ಆಫೀಸಿಗೆಲ್ಲ ಮಸಾಲೆ ದೋಸೆ ಬಂದಿತ್ತು.

ಆತ್ರೇಯ ಹತ್ತಿರ ಬಂದರು. "ಒಂದ್ ನಿಮಿಷ. ಪುಡಿಗಾಸಿನಷ್ಟು ವ್ಯತ್ಯಾಸ ಅದು. ಅಲ್ದೆ ಉದ್ದ ಸಂಖ್ಯೆ ಇಟ್ಕೊಂಡ್ರೆ ಉತ್ತರ ಇನ್ನೂ ನಿಖರ ಆಗತ್ತಲ್ವಾ? ಅದನ್ನ ತಪ್ಪು ಅಂತ ಹೆಂಗ್ ಹೇಳ್ತೀರಿ?"

ಈಗ ಕಾಗದದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಸುಪ್ರಜಾ ತಲೆಯೆತ್ತಿದಳು. ಅದೇ ಹತ್ತು ಕಣ್ಣು.

"ನಿಖರ ಇರಬೋದು ಸರ್. ಆದ್ರೆ ಆ ನಿಖರ ಚಿಪ್ಪಿಗೊಂದಕ್ಕೇ ಗೊತ್ತು. ಪ್ರೋಗ್ರಾಮ್ ಬರೆದೋರಿಗೆ ಅದು ಕಾಣ್ಸಲ್ಲ. ಇವತ್ತೊಂದು ಸಾಲು ಸೇರ್ಸಿದ್ರೆ ಒಂದು ಉತ್ತರ, ನಾಳೆ ತೆಗೆದ್ರೆ ಇನ್ನೊಂದು. ಅದೇ ರಕ್ತಕ್ಕೆ ಬೆಳಗ್ಗೆ ಕಾಯಿಲೆ ಇಲ್ಲ, ಮಧ್ಯಾಹ್ನ ಇದೆ ಅಂದ್ರೆ? ಅವರು ಕೇಳಿರೋದು ಹೆಚ್ಚು ನಿಖರ ಅಲ್ಲ ಸರ್. ಯಾರು ಮಾಡಿದ್ರೂ ಒಂದೇ ಬರ್ಬೇಕು ಅಂತ ಕೇಳಿದಾರೆ."

ಈಶ್ವರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

"ಸರ್, ಕೊರಿಯರ್ ನಿಲ್ಸಿ. ತಪ್ಪು ನಂದು." ಸುಪ್ರಜಾಳ ಕಡೆ ತಿರುಗಿ ಕೈ ಮುಗಿದ. ಅದರಲ್ಲೂ ಅರ್ಧ ತಮಾಷೆ ಇತ್ತು, ಅರ್ಧ ಇರಲಿಲ್ಲ. "ನಿನ್ನೆ ಉಪ್ಪಿಟ್ಟು ಅಂದಿದ್ದು ವಾಪಸ್ ತಗೊಂಡೆ ತಾಯಿ. ನಾಚಿಕೆ ನಿಮ್ ಬಗ್ಗಿಗಲ್ಲ, ನಾನ್ ಬರೆದ ಕೋಡಿಗೆ."

ತಿದ್ದಲು ಅರ್ಧ ಗಂಟೆ ಸಾಕಾಯಿತು. ಬರೆದಿಡು ಎಂದಿರುವ ದಶಾಂಶವನ್ನು ಬರೆದಿಟ್ಟೇ ಓದು, ಬೇರೆಯದಕ್ಕೆ ಬೇಕಾದರೆ ನಿನ್ನ ಉಪಾಯ ಮಾಡಿಕೋ ಎಂದು ಕಂಪೈಲರಿಗೆ ತಿಳಿಹೇಳಿದರು. ಆಮೇಲೆ ಸುಪ್ರಜಾ ಅಂಥ ಲೆಕ್ಕಗಳನ್ನೇ ಹುಡುಕಿ ನೂರು ಹೊಸ ಪರೀಕ್ಷೆ ಬರೆದಳು. ಹಳೆಯ ಸಿ.ಡಿ.ಯ ಕಂಪೈಲರಿನಲ್ಲಿ ಅವುಗಳಲ್ಲಿ ಮೂವತ್ತೊಂದು ಸೋತವು. ಹೊಸತರಲ್ಲಿ ಒಂದೂ ಸೋಲಲಿಲ್ಲ. ವೇಗ ಒಂದಿಷ್ಟು ಇಳಿಯಿತು. ಹೊರದೇಶದವರಿಗೆ ಆತ್ರೇಯರೇ ಫೋನು ಮಾಡಿ, ಸಿ.ಡಿ. ಸೋಮವಾರ ಹೊರಡುತ್ತದೆ, ತಪ್ಪೊಂದು ನಾವೇ ಹಿಡಿದೆವು ಎಂದರು. ಆಚೆಯವರು ಥ್ಯಾಂಕ್ಸ್ ಹೇಳಿದರಂತೆ.

ಶುಕ್ರವಾರ ಸಂಜೆ ಆತ್ರೇಯ ರಿಜಿಸ್ಟರು ತಂದು ಅವಳ ಮೇಜಿನ ಮೇಲೆ ತೆರೆದರು. ತಾವೇ ಬರೆದಿದ್ದ 'ಮುಚ್ಚಲಾಗಿದೆ'ಯನ್ನು ಅವಳ ಎದುರೇ ಹೊಡೆದುಹಾಕಿದರು.

"ಮ್ಯಾನುಯಲ್ ವಿಷ್ಯ ಮರ್ತ್ಬಿಡಿ. ನೀವು ಇಲ್ಲೇ ಇರ್ಬೇಕು," ಅಂದರು. "ಬುಧವಾರ ನಾನು ಇನ್ನೊಂದ್ ಪ್ರಶ್ನೆ ಕೇಳಿದ್ರೆ ಆಗ್ತಿತ್ತು. ಕೇಳ್ಲಿಲ್ಲ. ಇದನ್ನ ನೀವೇ ತುಂಬ್ಸಿ."

ಕೊನೆಯ ಅಂಕಣದಲ್ಲಿ 'ಕಂಡುಹಿಡಿದದ್ದು ಹೇಗೆ' ಎಂದಿತ್ತು. ಸುಪ್ರಜಾ ತನ್ನ ದುಂಡು ಅಕ್ಷರದಲ್ಲಿ ಬರೆದಳು: 'ವೆಂಕಟಾಚಲ ಜೋಯಿಸರ ಹಲಗೆ ಮತ್ತು ಅಂಬುಜಮ್ಮನವರ ಕಾಫಿಯಿಂದ.'

ಆತ್ರೇಯ ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. "ಇದು ಯಾವ್ ಟೂಲು?" ಅಂದರು. ಅವಳು ಹೇಳಿದಳು, ಮೊದಲಿಂದ ಕೊನೆಯವರೆಗೆ, ನಿಲ್ಲಿಸದೆ. ಅವರು ಆ ಸಾಲನ್ನು ತಿದ್ದಲಿಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೇ ಸುಪ್ರಜಾ ಪಕ್ಕದ ಮನೆಯ ಚಾಪೆಯ ಮೇಲೆ ಹಾಜರಾಗಿದ್ದಳು. ಕೈಯಲ್ಲಿ ಹೊಸ ಬಳಪದ ಡಬ್ಬಿ ಇತ್ತು. ಗಾಂಧಿಬಜಾರಿನಲ್ಲಿ ಮೂರು ಅಂಗಡಿ ಅಲೆದು ತಂದದ್ದು, ಈಗ ಬಳಪ ಕೇಳುವವರೇ ಇಲ್ಲವಂತೆ. ಜೋಯಿಸರಿಗೆ ನಮಸ್ಕಾರ ಮಾಡಿದಳು. ಒಳಗೆ ಹೋಗಿ ಅಂಬುಜಮ್ಮನಿಗೂ ಮಾಡಿದಳು.

"ಇದೇನೇ, ಹಬ್ಬಾನಾ ಇವತ್ತು?" ಅಂದರು ಅಂಬುಜಮ್ಮ, ಹಿಟ್ಟಿನ ಕೈ ಮೇಲೆತ್ತಿ.

"ನಿಮ್ ಕಾಫಿಯಿಂದ ನನ್ ಕೆಲ್ಸ ಉಳೀತು ಅಜ್ಜಿ."

"ಕೇಳಿಸ್ತೇನ್ರೀ?" ಅವರು ಹಜಾರದ ಕಡೆಗೆ ಕೂಗಿದರು. "ನಲವತ್ ವರ್ಷದಿಂದ ಕುಡೀತಿದೀರಿ, ಒಂದಿನ ನೀವ್ ಹೇಳಿದ್ರಾ ಇಂಥ ಮಾತ್ನ?"

ಅವಳು ಹೊರಬಂದಾಗ ಜೋಯಿಸರು ಹೊಸ ಬಳಪವನ್ನು ಬೆರಳ ನಡುವೆ ಉರುಳಿಸುತ್ತ ಕೂತಿದ್ದರು.

"ನಾನೇನ್ ಮಾಡ್ದೆ ಅಂತ ಇದೆಲ್ಲ ಪುಟ್ಟಿ? ತಪ್ ಮಾಡಿ ಸಿಕ್ಕಿಬಿದ್ದೆ, ಅಷ್ಟೇ."

ಅವಳಿಗೆ ಹೇಳಬೇಕಾದದ್ದು ಬಹಳ ಇತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಕೈಗೆ ಅಂಕಿಯ ಪುಸ್ತಕ ಕೊಟ್ಟು, ದಿನಕ್ಕೊಂದಿಷ್ಟು ದನಿ ಕೊಟ್ಟವರು ಇವರು ಎಂಬುದು ಅವಳಿಗೆ ಗುರುವಾರದವರೆಗೆ ಹೊಳೆದಿರಲಿಲ್ಲ. ಚಾಪೆಯ ಮೇಲೆ ಕೂತು ಪುಸ್ತಕ ತೆರೆದಳು.

"ಹೇಳಿ ತಾತ, ಯಾವ ತಿಂಗಳಿಂದ?"

"ಚೈತ್ರದಿಂದ್ಲೇ. ತಲೇಲಿ ಮಾಡಿದ್ದು ಎಷ್ಟೋ, ಬರ್ದು ಮಾಡಿದ್ದೆಷ್ಟೋ, ನನಗೇ ಗೊತ್ತಿಲ್ಲ. ಇಡೀ ವರ್ಷ ಇನ್ನೊಂದ್ಸಲ ಮಾಡ್ಬೇಕು. ಭಾನುವಾರ ಒಂದ್ರಲ್ಲಿ ಮುಗಿಯಲ್ಲಮ್ಮ ಇದು."

"ಮುಗೀದೆ ಇದ್ರೆ ಬರೋ ಭಾನುವಾರ."

ಅವಳು ಓದಿದಳು. ಅವರು ಒಂದೊಂದು ಹೆಜ್ಜೆಯನ್ನೂ ಹಲಗೆಗೆ ಇಳಿಸಿದರು, ಅಳಿಸಿದರು, ಮತ್ತೆ ಇಳಿಸಿದರು. ಚೈತ್ರದ ಹುಣ್ಣಿಮೆಯ ಹೊತ್ತಿಗೆ ಒಳಗಿಂದ ಕಾಫಿಯ ಕೂಗು ಬಂತು. ಜೋಯಿಸರು ಬೆದರಿದವರಂತೆ ಬಳಪ ಎತ್ತಿದರು. ಆಮೇಲೆ ಹಲಗೆ ನೋಡಿ ನಕ್ಕುಬಿಟ್ಟರು. ಬರೆಯಬೇಕಾದದ್ದೆಲ್ಲ ಬರೆದೇ ಇತ್ತು.

"ನೀನೂ ಬಾ," ಅಂದರು ಏಳುತ್ತ. "ಲೆಕ್ಕ ಎಲ್ಲೂ ಹೋಗಲ್ಲ."